ಗಂಟಿನಲ್ಲಿ ಏನಿತ್ತು?

ಆ ಸೀಮೆಯಲ್ಲಿ ದಾರಿಗಳು ಮಲಗಿದಲ್ಲಿ ಏಳುತ್ತಿರಲಿಲ್ಲ. ರಾತ್ರಿ ಹಳ್ಳದ ಎಡಕ್ಕೆ ಮಲಗಿದ ದಾರಿ ಬೆಳಗ್ಗೆ ಬಲಕ್ಕೆ ಎದ್ದಿರುತ್ತಿತ್ತು. ನಿನ್ನೆ ಗುಡ್ಡವನ್ನು ಬಳಸಿಕೊಂಡು ಹೋದದ್ದು ಇವತ್ತು ಗುಡ್ಡದ ನೆತ್ತಿಯ ಮೇಲೆ ಹತ್ತಿ ಕೂತಿರುತ್ತಿತ್ತು. ಹಾಗಾಗಿ ಅಲ್ಲಿ ಯಾರೂ ದಾರಿಯ ಚಿತ್ರ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಬರೆದವನೊಬ್ಬ ಇದ್ದನಂತೆ. ಶಾಯಿ ಒಣಗುವುದರೊಳಗೆ ಅವನ ಮನೆಯ ದಾರಿಯೇ ಅವನಿಗೆ ತಪ್ಪಿ, ಈಗಲೂ ಎಲ್ಲೋ ಸುತ್ತುತ್ತಿದ್ದಾನಂತೆ, ಪಾಪ.

ಹಾಗಾದರೆ ಜನ ಓಡಾಡುವುದು ಹೇಗೆ ಅಂತೀರಾ? ಅದಕ್ಕೇ ಕಟ್ಟೆಗಳಿದ್ದದ್ದು. ದಾರಿ ಎಷ್ಟೇ ಹೊರಳಾಡಿದರೂ ಕಟ್ಟೆ ಅಲುಗುತ್ತಿರಲಿಲ್ಲ. ಕಟ್ಟೆಗೊಬ್ಬರು ಕಾಯುವವರು. ಅವರಿಗೆ ಇಡೀ ಸೀಮೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಪಕ್ಕದ ಕಟ್ಟೆಯವರ ದನಿ ಗೊತ್ತಿದ್ದರೆ ಸಾಕು. ಬೆಳಗಾಗುತ್ತಲೇ ಪ್ರತಿಯೊಬ್ಬರೂ ಕಟ್ಟೆಯ ಮೇಲೆ ನಿಂತು, ಕೈ ಬಾಯಿಗಡ್ಡ ಹಿಡಿದು ಕೂಗಬೇಕು: ‘ನಾನಿದ್ದೀನಿ!’ ಪಕ್ಕದವರು ಕೂಗಬೇಕು: ‘ನಾನೂ ಇದ್ದೀನಿ!’ ಆಮೇಲೆ ದೂರದ ಮಾತು. ‘ಉಪ್ಪಿನ ಹಳ್ಳಕ್ಕೆ ನನ್ನಿಂದ ಎರಡು ಕಟ್ಟೆ.’ ಅದನ್ನು ಕೇಳಿಸಿಕೊಂಡವರು ತಮ್ಮದೊಂದು ಸೇರಿಸಿ ಆಚೆಯವರಿಗೆ ಕೂಗಬೇಕು: ‘ಉಪ್ಪಿನ ಹಳ್ಳಕ್ಕೆ ನನ್ನಿಂದ ಮೂರು ಕಟ್ಟೆ.’ ಹೀಗೆ ಹೊತ್ತು ಏರುವುದರೊಳಗೆ ಸೀಮೆಯ ಮೂಲೆಮೂಲೆಗೂ ಸುದ್ದಿ ಮುಟ್ಟುತ್ತಿತ್ತು. ನಡೆಯುವವರು ಬಂದು, ‘ಸಂತೆಗೆ ಹೇಗೆ ಹೋಗೋದು ತಾಯಿ?’ ಅಂದರೆ ಕಟ್ಟೆಯವರು ಕಡಿಮೆ ದೂರ ಹೇಳಿದವರ ಕಡೆಗೆ ಬೆರಳು ತೋರಿಸುತ್ತಿದ್ದರು. ‘ಆ ದನಿ ಹಿಡಿದುಕೊಂಡು ಹೋಗು.’ ಅಷ್ಟೇ. ದನಿಯೇ ದಾರಿ.

ಯಾರಿಂದ ಕೇಳಿದೆವೋ ಅದನ್ನು ಅವರಿಗೇ ತಿರುಗಿಸಿ ಹೇಳಬಾರದು ಅಂತಲೂ ಒಂದು ಕಟ್ಟಳೆ ಇತ್ತು. ಹಿಂದೆ ಅಕ್ಕಪಕ್ಕದ ಕಟ್ಟೆಯವರಿಬ್ಬರು ಇದನ್ನು ಮರೆತು ಒಬ್ಬ ಕ್ಷೌರಿಕನ ಪ್ರಾಣ ತಿಂದಿದ್ದರು. ಸಂತೆಯ ದಾರಿ ಮುಚ್ಚಿಹೋಗಿತ್ತು. ಇವಳು ‘ಅವನಿಗೆ ಗೊತ್ತಂತೆ, ಅವನ ಕಡೆ ಹೋಗು’ ಅಂದಳು. ಅವನು ‘ಅವಳೇ ಹೇಳಿದಳಲ್ಲ, ಅವಳ ಕಡೆ ಹೋಗು’ ಅಂದ. ಅತ್ತಿಂದಿತ್ತ, ಇತ್ತಿಂದತ್ತ ಅಲೆದು ಅಲೆದು, ಊರಿನ ಗಡ್ಡವೆಲ್ಲ ಬೋಳಿಸುವವನಿಗೆ ಮೊಣಕಾಲು ಮುಟ್ಟುವಷ್ಟು ಗಡ್ಡ ಬಂತು. ಅವತ್ತಿನಿಂದ ಯಾರೂ ಆ ಕಟ್ಟಳೆ ಮುರಿದಿಲ್ಲ.

ಕಟ್ಟೆಯವರು ಕಟ್ಟೆ ಇಳಿಯುವ ಹಾಗಿಲ್ಲ. ಒಂದೇ ಒಂದು ಸಂದರ್ಭ ಬಿಟ್ಟು. ಪಕ್ಕದವರನ್ನು ಮೂರು ಸಲ ಕೂಗಿದರೂ ಓಗೊಡದಿದ್ದರೆ, ‘ಆ ದಾರಿ ಸತ್ತಿತು’ ಎಂದು ಸೀಮೆಗೆಲ್ಲ ಸಾರಿ, ಹತ್ತಿರದವರು ಕೆಳಗಿಳಿದು ಹೋಗಿ ನೋಡಿಕೊಂಡು ಬರಬೇಕು. ಬಿದ್ದವರನ್ನು ಎತ್ತಬೇಕು, ಹೋದವರನ್ನು ಮಣ್ಣು ಮಾಡಬೇಕು. ಕೂಗಿಗೆ ಕೂಗು ಬಾರದಿದ್ದರೇ ಸಹಾಯ ಬರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಕಥೆ ಇರುವುದೇ ಇದರಲ್ಲಿ.

ಈ ಸೀಮೆಯ ನಟ್ಟನಡುವೆ ಹುಣಸೆಕಟ್ಟೆ. ಅದನ್ನು ಕಾಯುವವಳು ಹುಣಸೆಕಟ್ಟೆಯವಳು. ದುಂಡನೆಯ ಹೆಂಗಸು, ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ಮನಸ್ಸು. ಅವಳ ಒಂದು ಕಡೆಗೆ ಗಾಣದಕಟ್ಟೆಯವನು, ಎಣ್ಣೆ ತೆಗೆಯುತ್ತ ಕಟ್ಟೆ ಕಾಯುವ ಸಿಡುಕ. ಇನ್ನೊಂದು ಕಡೆಗೆ ಬಾವಿಕಟ್ಟೆಯವಳು. ಈ ಬಾವಿಕಟ್ಟೆಯವಳನ್ನು ಹುಣಸೆಕಟ್ಟೆಯವಳು ಕಣ್ಣಿಂದ ಕಂಡವಳೇ ಅಲ್ಲ. ಆದರೆ ಇಬ್ಬರ ತಲೆಯೂ ನರೆಯುವವರೆಗೆ ಒಂದು ಬೆಳಗೂ ತಪ್ಪದೆ ಕೂಗಾಡಿಕೊಂಡಿದ್ದರು. ‘ಏ ಬಾವೀ, ನಾನಿದ್ದೀನಿ ಕಣೇ!’ ‘ಏನೇ ಹುಣಸೇ, ನಾನೂ ಇದ್ದೀನಿ ಕಣೇ!’ ಒಡಹುಟ್ಟಿದವರು ಕೂಡ ಅಷ್ಟು ಜಗಳವಾಡುವುದಿಲ್ಲ, ಅಷ್ಟು ಪ್ರೀತಿಯನ್ನೂ ಮಾಡುವುದಿಲ್ಲ.

ಈಗ ಗಂಟಿನ ವಿಷಯ. ಕೂಗುವುದು ಯಾರು ಬೇಕಾದರೂ ಕೂಗಬಹುದಲ್ಲ? ಹೊಟ್ಟೆಕಿಚ್ಚಿನವನೋ ಕಳ್ಳನೋ ಪೊದೆಯಲ್ಲಿ ಕೂತು ‘ನನ್ನ ಕಡೆ ಬನ್ನಿ’ ಅಂದರೆ ಗತಿಯೇನು? ಅದಕ್ಕೆ ಹಿಂದಿನವರು ಒಂದು ಉಪಾಯ ಮಾಡಿಟ್ಟಿದ್ದರು. ದಿನಾ ಸಂಜೆ ಕಟ್ಟೆಯವರು ತಾವು ಮಾಡಿದ ತಿಂಡಿಯಲ್ಲಿ ಒಂದಿಷ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಪಕ್ಕದ ಕಟ್ಟೆಗೆ ಹೋಗುವ ಕೊನೆಯ ದಾರಿಹೋಕನ ಕೈಗೆ ಕೊಡಬೇಕು. ಒಯ್ಯುವವನು ಅದನ್ನು ಬಿಚ್ಚಬಾರದು. ಸೇರಬೇಕಾದವರ ಕೈಗಲ್ಲದೆ ಇನ್ನೊಬ್ಬರ ಕೈಗೆ ಕೊಡಬಾರದು. ಬೆಳಗ್ಗೆ ದೂರದ ಮಾತು ಶುರುವಾಗುವ ಮುಂಚೆ ಕಳಿಸಿದವರು ಕೇಳಬೇಕು: ‘ಗಂಟಿನಲ್ಲಿ ಏನಿತ್ತು?’ ತಿಂದವರಿಗಷ್ಟೇ ಗೊತ್ತು. ಸರಿಯಾಗಿ ಹೇಳಿದರೆ ಮುಂದಿನ ಮಾತು. ಇಲ್ಲವಾದರೆ ಕಿವಿ ಮುಚ್ಚಿಕೊಳ್ಳಬೇಕು.

ಗಾಣದಕಟ್ಟೆಯವನು ಈ ಕಟ್ಟಳೆಯನ್ನು ಒಂದು ದಿನವೂ ಬಿಟ್ಟವನಲ್ಲ. ಮಳೆ ಹುಯ್ಯಲಿ, ಗಾಳಿ ಬೀಸಲಿ, ಹುಣಸೆಕಟ್ಟೆಯವಳು ಕೂಗಿದ ತಕ್ಷಣ ಆಚೆಯಿಂದ ಗೊರಗೊರ ದನಿ: ‘ಗಂಟಿನಲ್ಲಿ ಏನಿತ್ತು?’

‘ಅಯ್ಯೋ ಗಾಣದಣ್ಣ, ನಾನೇ ಕಣೋ! ನನ್ನ ದನಿ ನಿಂಗೆ ಗೊತ್ತಿಲ್ವೇನೋ!’

‘ಗೊತ್ತು. ಗಂಟಿನಲ್ಲಿ ಏನಿತ್ತು?’

ಅವಳು ಹಲ್ಲು ಕಡಿದುಕೊಂಡು ಹೇಳುತ್ತಿದ್ದಳು. ‘ಇವನಿಗೆ ಎಣ್ಣೆಯಷ್ಟೇ, ಪ್ರೀತಿಯೇ ಇಲ್ಲ’ ಎಂದು ಗೊಣಗುತ್ತಿದ್ದಳು.

ಆದರೆ ಬಾವಿಯನ್ನು ಹಾಗೆ ಕೇಳುವುದೆಂದರೆ ಅವಳಿಗೆ ಕರುಳು ಹಿಂಡಿದಂತಾಗುತ್ತಿತ್ತು. ಇಷ್ಟು ವರ್ಷ ಒಟ್ಟಿಗೆ ಕೂಗಿದವಳು. ಅವಳ ಕೆಮ್ಮು, ಅವಳ ಹಿಂದೆ ಕಿರ್ರೆನ್ನುವ ರಾಟೆ, ಎಲ್ಲ ಗೊತ್ತು. ಅಂಥವಳನ್ನು ದಿನಾ ಪರೀಕ್ಷೆ ಮಾಡುವುದೆ? ಒಂದು ಬೆಳಗ್ಗೆ ಅವಳೇ ಕೂಗಿ ಹೇಳಿದಳು: ‘ಇನ್ಮೇಲೆ ನಿನ್ನ ಕೇಳಲ್ಲ ಕಣೇ ಬಾವೀ. ಗಂಟು ಕಳಿಸ್ತೀನಿ, ತಿನ್ನು. ನಮ್ಮಿಬ್ಬರ ಮಧ್ಯೆ ಅದೆಲ್ಲ ಯಾಕೆ?’

ಆಚೆ ರಾಟೆ ಒಂದು ಸುತ್ತು ಕಿರ್ರೆಂದಿತು. ಆಮೇಲೆ ಬಾವಿ, ‘ನಿನ್ನಿಷ್ಟ ಕಣೇ’ ಅಂದಳು. ಹುಣಸೆಕಟ್ಟೆಯವಳು ಅದನ್ನು ಸಂತೋಷ ಅಂದುಕೊಂಡಳು. ಗಂಟುಗಳು ಹೋಗುತ್ತಿದ್ದವು, ಬರುತ್ತಿದ್ದವು. ಕೇಳುವುದು ಮಾತ್ರ ನಿಂತಿತು.

ಹೀಗಿರುವಾಗ ಒಂದು ಬೆಳಗ್ಗೆ ಹುಣಸೆಕಟ್ಟೆಯವಳು ಕೂಗಿದಳು, ‘ಏ ಬಾವೀ, ನಾನಿದ್ದೀನಿ ಕಣೇ!’

ಸದ್ದಿಲ್ಲ.

‘ಏ ಬಾವೀ!’

ಸದ್ದಿಲ್ಲ. ಹುಣಸೆಕಟ್ಟೆಯವಳು ಒಂದು ಕಾಲನ್ನು ಕಟ್ಟೆಯಿಂದ ಕೆಳಗಿಟ್ಟೇಬಿಟ್ಟಳು. ದನಿ ನಡುಗುತ್ತ ಮೂರನೆಯ ಸಲ ಕೂಗಿದಳು, ‘ಬಾವೀ, ಓಗೊಡೇ, ನನ್ನ ಜೀವ ಬಾಯಿಗೆ ಬಂದಿದೆ!’

‘ನಾನೂ ಇದ್ದೀನಿ ಕಣೇ ಹುಣಸೇ.’

ಬಂತು ದನಿ. ಅದೇ ದನಿ, ಅದೇ ಕೆಮ್ಮು, ಹಿಂದೆ ಅದೇ ರಾಟೆಯ ಕಿರ್ರ್. ಹುಣಸೆಕಟ್ಟೆಯವಳು ಕಾಲನ್ನು ಮೇಲೆಳೆದುಕೊಂಡು, ‘ಹಾಳಾದವಳೇ, ಹೆದರಿಸಿ ಕೊಂದೇಬಿಟ್ಟೆಯಲ್ಲೇ!’ ಎಂದು ಬೈದು, ಅತ್ತು, ನಕ್ಕಳು.

‘ಅಳಬೇಡ್ವೇ’ ಅಂದಿತು ಆ ದನಿ, ಬಹಳ ಮೆತ್ತಗೆ.

ಮಾರನೆಯ ದಿನ ಆ ದನಿ ದೂರದ ಮಾತು ಹೇಳಿತು. ‘ಸಂತೆಗೆ ನನ್ನಿಂದ ಒಂದೇ ಕಟ್ಟೆ ಕಣೇ. ಉಪ್ಪಿನ ಹಳ್ಳಕ್ಕೂ ಒಂದೇ ಕಟ್ಟೆ. ಎಲ್ಲಿಗೆ ಹೋಗೋದಾದರೂ ನನ್ನಿಂದ ಒಂದೇ ಕಟ್ಟೆ. ಎಲ್ಲರನ್ನೂ ಕಳಿಸು.’ ದಾರಿಗಳು ಒಳ್ಳೆಯ ಕಡೆ ಹೊರಳಿರಬೇಕು ಅಂದುಕೊಂಡು ಹುಣಸೆಕಟ್ಟೆಯವಳು ಹಿಗ್ಗಿಹೋದಳು. ಗೆಳತಿಗೆ ಒಳ್ಳೆಯದಾದರೆ ಯಾರಿಗೆ ಹಿಗ್ಗಾಗುವುದಿಲ್ಲ ಹೇಳಿ! ತನ್ನದೊಂದು ಸೇರಿಸಿ ಸೀಮೆಗೆಲ್ಲ ಕೂಗಿದಳು. ಮಡಕೆಯವರು, ಬಳೆಯವರು, ಕಂಬಳಿಯವರು, ಎಲ್ಲರೂ ಅವಳ ಕಟ್ಟೆಯ ಮುಂದೆ ಹಾದು ಆ ದನಿ ಹಿಡಿದುಕೊಂಡು ಹೋದರು. ಕತ್ತೆಯ ಮೇಲೆ ಉಪ್ಪು ಹೇರಿಕೊಂಡು ಬರುವ ಉಪ್ಪಿನಜ್ಜನೂ ಹೋದ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಸಂಜೆ ಅವಳ ಗಂಟೂ ಹೋಯಿತು.

ಹೋದವರು ಯಾರೂ ವಾಪಸ್ಸು ಬರಲಿಲ್ಲ.

ಅದೂ, ಬಾವಿಯ ಗಂಟು ಬರುವುದು ನಿಂತದ್ದೂ, ಹಿಗ್ಗಿನಲ್ಲಿದ್ದ ಅವಳ ಗಮನಕ್ಕೆ ಬರಲಿಲ್ಲ. ಗಾಣದಕಟ್ಟೆಯವನ ಗಮನಕ್ಕೆ ಬಂತು. ‘ಏ ತಾಯಿ, ಎಣ್ಣೆ ಕೊಂಡವರು ತಿರುಗಿ ಬಂದಿಲ್ಲ. ನಿನ್ನ ಕಡೆಯಿಂದ ಒಂದು ನರಪಿಳ್ಳೆಯೂ ಬರ್ತಾ ಇಲ್ಲ. ಬಾವಿಯನ್ನ ಕೇಳು, ಗಂಟಿನಲ್ಲಿ ಏನಿತ್ತು ಅಂತ.’

‘ಥೂ, ಹೋಗಣ್ಣ! ಅವಳನ್ನ ಕೇಳೋದಾ? ನಿನಗೆ ಎಲ್ಲರ ಮೇಲೂ ಅನುಮಾನ.’

‘ಅನುಮಾನ ಅಲ್ಲ. ಕೇಳು.’

ಅವಳು ಮುಖ ತಿರುಗಿಸಿಕೊಂಡಳು. ಆದರೆ ಮಾತು ಹೊಕ್ಕಿತ್ತು. ಹುಣಸೆಯ ಬೀಜ ಬಿಡಿಸುತ್ತ ಕೂತವಳಿಗೆ ಒಂದು ವಿಷಯ ಹೊಳೆಯಿತು. ಬಾವಿ ಇತ್ತೀಚೆಗೆ ಜಗಳವಾಡಿಲ್ಲ. ಒಂದು ಸಲವೂ ಇಲ್ಲ. ತಾನು ಏನಂದರೂ ‘ಹೌದು ಕಣೇ.’ ಎಷ್ಟು ಬೈದರೂ ‘ಸರಿ ಕಣೇ.’ ಇವಳಿಗೆ ಅದು ಉಪ್ಪಿಲ್ಲದ ಸಾರು ಉಂಡಂತಾಗಿತ್ತು. ಬಾವಿಗೆ ಕೋಪ ಬರಿಸಲೇಬೇಕು ಎಂದು, ಅವಳಿಗೆ ಕಂಡರಾಗದ, ಒಣಗಿಸಿಟ್ಟಿದ್ದ ಹಾಗಲಕಾಯಿಯನ್ನೇ ಕರಿದು, ಬಾಳಕ ಮಾಡಿ, ಗಂಟು ಕಟ್ಟಿ ಆ ಸಂಜೆ ಬಂದ ಕಂಬಾರನ ಕೈಯಲ್ಲಿ ಕಳಿಸಿದಳು. ನಾಳೆ ಬೆಳಗ್ಗೆ ಬಾವಿ ಸೀಮೆ ಹಾರಿಹೋಗುವಂತೆ ಬೈಯುತ್ತಾಳೆ. ಆಹಾ, ಎಷ್ಟು ದಿನವಾಯಿತು!

ಬೆಳಗಾಯಿತು. ಬೈಗುಳ ಬರಲಿಲ್ಲ. ‘ನಾನೂ ಇದ್ದೀನಿ ಕಣೇ ಹುಣಸೇ’ ಎಂಬ ಮೆತ್ತನೆಯ ದನಿ ಬಂತು.

ಹುಣಸೆಕಟ್ಟೆಯವಳು ಕೇಳಬಾರದೆಂದು ತಾನೇ ಬಿಟ್ಟ ಮಾತನ್ನು ಕೇಳಿದಳು. ‘ಬಾವೀ... ಗಂಟಿನಲ್ಲಿ ಏನಿತ್ತೇ?’

ರಾಟೆಯ ಕಿರ್ರ್ ನಿಂತಿತು. ಆಮೇಲೆ, ‘ಸಿಹಿ ಇತ್ತು ಕಣೇ. ನೀನು ಮಾಡಿದ್ದು ಯಾವತ್ತು ಚೆನ್ನಾಗಿಲ್ಲ ಹೇಳು!’

ಇವಳು ಬಾವಿಯಲ್ಲ. ಬಾವಿಯಲ್ಲವೆಂದರೆ, ಬಾವಿ ಎಲ್ಲಿ? ಮೂರು ಕೂಗಿಗೆ ಓಗೊಡದ ಅವತ್ತೇ ಅವಳಿಗೆ ಏನೋ ಆಗಿದೆ. ಅವತ್ತೇ ನಾನು ಓಡಬೇಕಿತ್ತು. ಕಾಲು ಕೆಳಗಿಟ್ಟೂ ಇದ್ದೆ. ಸುಳ್ಳು ದನಿ ‘ಇದ್ದೀನಿ’ ಅಂದದ್ದಕ್ಕೆ, ನಿಜವಾದವಳು ಇಲ್ಲ ಅನ್ನುವುದೇ ಯಾರಿಗೂ ಗೊತ್ತಾಗಲಿಲ್ಲವಲ್ಲ ದೇವರೇ! ಅವಳು ಒಬ್ಬಳೇ ಬಿದ್ದಿದ್ದಾಳೆ. ಬದುಕಿದ್ದಾಳೋ ಇಲ್ಲವೋ. ಒಂದು ಸಲ ಕೇಳಿದ್ದರೆ ಆಗುತ್ತಿತ್ತು, ಒಂದೇ ಒಂದು ಸಲ!

ಈಗ ಮಾಡಬೇಕಾದದ್ದು ಒಂದೇ ಇತ್ತು, ಅದೇ ಅವಳಿಗೆ ಆಗದ ಕೆಲಸ. ಗೆಳತಿಯ ದಾರಿ ಸತ್ತಿತೆಂದು ತನ್ನ ಬಾಯಿಂದ ಸಾರಬೇಕು. ಸಾರದೆ ಕಟ್ಟೆ ಇಳಿಯುವಂತಿಲ್ಲ. ಸಾರದಿದ್ದರೆ ಜನ ಇನ್ನೂ ಆ ಸುಳ್ಳು ದನಿ ಹಿಡಿದು ಹೋಗುತ್ತಲೇ ಇರುತ್ತಾರೆ. ಅವಳು ಕಟ್ಟೆಯ ಮೇಲೆ ನಿಂತಳು. ಕೈ ಬಾಯಿಗಡ್ಡ ಹಿಡಿದಳು. ಕೈ ಇಳಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ನಿಂತಳು.

‘ಬಾವಿಕಟ್ಟೆಯ ದಾರಿ ಸತ್ತಿದೆ!’ ಎಂದು ಕೂಗಿದಳು. ‘ಬಾವಿಕಟ್ಟೆಗೆ ನನ್ನಿಂದ ಮುಗಿಯದಷ್ಟು ದೂರ! ಆ ದನಿ ಹಿಡಿದು ಯಾರೂ ಹೋಗಬೇಡಿ! ಮುಗಿಯದಷ್ಟು ದೂರ!’

ಮುಗಿಯದಷ್ಟು ದೂರ, ಮುಗಿಯದಷ್ಟು ದೂರ, ಎಂದು ಕಟ್ಟೆಯಿಂದ ಕಟ್ಟೆಗೆ ಆ ಮಾತು ಹೋಯಿತು. ಸೀಮೆಯೆಲ್ಲ ಗಪ್‌ಚಿಪ್ಪಾಯಿತು. ಸುಳ್ಳು ದನಿಯೂ ನಿಂತಿತು. ಆ ನಿಶ್ಶಬ್ದದಲ್ಲಿ, ಬಹಳ ದೂರದಿಂದ, ಇಷ್ಟು ದಿನ ಯಾರ ಕಿವಿಗೂ ಬೀಳದ ಒಂದು ಸದ್ದು ಬಂತು. ಟಣ್. ಸ್ವಲ್ಪ ತಡೆದು, ಟಣ್. ಹಿತ್ತಾಳೆಯ ಕೊಡಕ್ಕೆ ಯಾರೋ ಕೈಲಾಗದ ಕೈಯಲ್ಲಿ ಕಲ್ಲು ತಾಕಿಸಿದಂತೆ.

‘ಬಾವೀ!’ ಅಂದಳು ಹುಣಸೆಕಟ್ಟೆಯವಳು.

ಹೊರಡುವ ಮುಂಚೆ ಗಾಣದಕಟ್ಟೆಯ ಕಡೆಗೆ ತಿರುಗಿ ಕೂಗಿದಳು. ‘ಗಾಣದಣ್ಣ, ನಾನು ಕಟ್ಟೆಯಲ್ಲಿ ಇರಲ್ಲ. ಓಗೊಡಲ್ಲ. ಆದ್ರೆ ನಾನಿದ್ದೀನಿ. ನನ್ನ ದಾರಿ ಸಾಯಿಸಬೇಡಣ್ಣ.’

‘ಗಂಟಿನಲ್ಲಿ ಏನಿತ್ತು?’

‘ಈಗ್ಲೂನಾ ಅಣ್ಣಾ!’

‘ಈಗ್ಲೇ.’

ಅವಳಿಗೆ ದುಃಖ ಉಕ್ಕಿ ಬಂತು. ಈ ಗೊರಗೊರ ದನಿಯವನು ಇಷ್ಟು ವರ್ಷ ದಿನಾ ಬೆಳಗ್ಗೆ, ನಾನು ನಾನೇ ಹೌದೋ ಅಲ್ಲವೋ ಎಂದು ನೋಡಿಕೊಳ್ಳುತ್ತಿದ್ದನಲ್ಲ! ನನಗೇನಾದರೂ ಆಗಿದ್ದರೆ ಅವತ್ತೇ ಬರುತ್ತಿದ್ದನಲ್ಲ! ‘ಎಳ್ಳಿನ ಹಿಂಡಿ ಅಣ್ಣಾ. ನೀನು ಬೆಲ್ಲ ಹಚ್ಚಿದ್ದೆ. ಬೆಲ್ಲ ಸ್ವಲ್ಪ ಜಾಸ್ತಿ ಆಗಿತ್ತು.’

‘ಹೋಗಿ ಬಾ ತಾಯಿ. ನಿನ್ನ ದನಿಯಲ್ಲಿ ನಾನು ಕೂಗಲ್ಲ. ನನ್ನ ದನಿಯಲ್ಲೇ ಕೂಗ್ತೀನಿ, ಹುಣಸೆ ಬರ್ತಾಳೆ, ಕಾಯಿರಿ ಅಂತ.’

ಹುಣಸೆಕಟ್ಟೆಯವಳು ಕಟ್ಟೆ ಇಳಿದಳು. ಇಳಿದು ಅಭ್ಯಾಸವಿಲ್ಲದ ಕಾಲು. ಮುಳ್ಳು ಗೊತ್ತಿಲ್ಲ, ಕಲ್ಲು ಗೊತ್ತಿಲ್ಲ. ದಾರಿ ಕಾಲ ಕೆಳಗೆ ಹೊರಳಿದಾಗೆಲ್ಲ ಎಡವಿದಳು. ಒಂದು ಕವಲು ಸಿಕ್ಕಿತು. ಎಡಕ್ಕೆ ಜನರ ಹೆಜ್ಜೆ, ಕತ್ತೆಯ ಗೊರಸು, ಚೆಲ್ಲಿದ ಉಪ್ಪು. ಬಲಕ್ಕೆ ಬರಿಯ ಹುಲ್ಲು. ಬಲದಿಂದ ಬಂತು ಸದ್ದು, ಟಣ್. ಅವಳು ಬಲಕ್ಕೆ ನಡೆದಳು. ‘ಬಡಿಯೇ, ಬಡೀತಾ ಇರೇ, ಬಂದೆ’ ಎನ್ನುತ್ತ ನಡೆದಳು.

ಬಾವಿಕಟ್ಟೆಯ ಮೇಲೆ, ರಾಟೆಯ ಕಂಬಕ್ಕೆ ಒರಗಿಕೊಂಡು ಒಬ್ಬಳು ಕೂತಿದ್ದಳು. ಕಡ್ಡಿಯಂಥ ಹೆಂಗಸು. ಕುತ್ತಿಗೆ ಊದಿಕೊಂಡಿತ್ತು, ಮೈ ಕಾದ ಹಂಚಿನಂತೆ ಸುಡುತ್ತಿತ್ತು, ತುಟಿ ಬಿರಿದಿತ್ತು. ಬಾವಿಯ ತುಂಬ ನೀರು, ಸೇದುವ ಶಕ್ತಿಯಿಲ್ಲ. ಕೊಡದ ತಳದಲ್ಲಿದ್ದದ್ದನ್ನು ಗುಟುಕು ಗುಟುಕಾಗಿ ಕುಡಿದು ಖಾಲಿ ಮಾಡಿ, ಅದೇ ಕೊಡವನ್ನು ಬಡಿಯುತ್ತಿದ್ದಳು. ಹುಣಸೆಕಟ್ಟೆಯವಳು ಹತ್ತಿರ ಹೋಗಿ ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನೋಡಿದರೆ ಗುರುತು ಸಿಗುವುದಾದರೂ ಹೇಗೆ? ಇವಳಿಗೆ ಅವಳ ದನಿ ಮಾತ್ರ ಗೊತ್ತು, ಆ ದನಿಯೇ ಹೋಗಿತ್ತು.

‘ಬಾವೀ?’ ಅಂದಳು. ‘ನೀನೇನೇ?’

ಆ ಹೆಂಗಸು ತುಟಿ ಆಡಿಸಿದಳು. ಹುಣಸೆಕಟ್ಟೆಯವಳು ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದಳು. ಪಿಸುಮಾತು ಬಂತು. ‘ನಿನ್ನ ದನಿ ಹುಣಸೆಯ ದನಿಯ ಹಾಗಿದೆ. ಆದ್ರೆ ಇಲ್ಲಿ ನನ್ನ ದನಿಯಲ್ಲೂ ಯಾರೋ ಕೂಗ್ತಿದ್ದಾರೆ. ನೀನು ಕೊನೆಗೆ ಕಳಿಸಿದ ಗಂಟಿನಲ್ಲಿ ಏನಿತ್ತು ಹೇಳು.’

‘ಹುರಿಗಡಲೆ’ ಅಂದಳು ಹುಣಸೆಕಟ್ಟೆಯವಳು, ಬಿಕ್ಕುತ್ತ. ‘ನಿನ್ನ ಕೈಗೆ ಸೇರಿದ್ದು ಹುರಿಗಡಲೆ ಕಣೇ. ನೀನೂ ಹೇಳು, ಅದು ಹೇಗಿತ್ತು?’

‘ಅದರಲ್ಲೊಂದು ಕಲ್ಲಿತ್ತು’ ಎಂದು ಆ ಪಿಸುದನಿ, ಎಲ್ಲಿಂದ ಬಂತೋ ಶಕ್ತಿ, ಸಿಡುಕಿತು. ‘ಹಲ್ಲು ಅಲ್ಲಾಡ್ತಾ ಇದೆ! ಆರಿಸಿ ಹಾಕೋಕೆ ನಿಂಗೇನು ದೊಡ್ಡ ರೋಗ? ಕಣ್ಣು ಕಾಣದಿದ್ರೆ ಮಾಡಬಾರದಪ್ಪ!’

ಬೈದಳು! ಹುಣಸೆಕಟ್ಟೆಯವಳು ಅವಳನ್ನು ಬಾಚಿ ತಬ್ಬಿಕೊಂಡಳು. ‘ಬೈಯೇ’ ಅಂದಳು, ‘ಇನ್ನೂ ಬೈಯೇ ನನ್ನವ್ವ!’ ಅಳುವೋ ನಗುವೋ ಇಬ್ಬರಿಗೂ ತಿಳಿಯದೆ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ತುಂಬ ಹೊತ್ತು ಕೂತರು.

ಆಮೇಲೆ ಹುಣಸೆಕಟ್ಟೆಯವಳು ನೀರು ಸೇದಿದಳು. ಮೆಣಸು ಕುಟ್ಟಿ ಕಷಾಯ ಕುದಿಸಿ ಕುಡಿಸಿದಳು. ಗಂಜಿ ಮಾಡಿ ಚಮಚ ಚಮಚವಾಗಿ ಬಾಯಿಗಿಟ್ಟಳು. ಜ್ವರ ಇಳಿಯುವವರೆಗೆ ಅಲ್ಲೇ ಕೂತಳು. ಅತ್ತ ಗಾಣದಕಟ್ಟೆಯಿಂದ ದಿನಾ ಬೆಳಗ್ಗೆ ಗೊರಗೊರ ದನಿ ತೇಲಿ ಬರುತ್ತಿತ್ತು, ‘ಹುಣಸೆ ಬರ್ತಾಳೆ, ಕಾಯಿರಿ.’ ಮೈ ಬೆವರಿ ಕಣ್ಣು ತಿಳಿಯಾದ ದಿನ ಬಾವಿ ಪಿಸುಗುಟ್ಟಿದಳು.

‘ನೀನು ಕೇಳೋದು ಯಾಕೆ ಬಿಟ್ಟೆ?’

‘ನಿನಗೆ ಬೇಜಾರಾಗುತ್ತೆ ಅಂತ ಕಣೇ. ಅನುಮಾನ ಪಟ್ಟ ಹಾಗಾಗುತ್ತೆ ಅಂತ.’

‘ದಡ್ಡಿ’ ಅಂದಳು ಬಾವಿ. ‘ನೀನು ಕೇಳ್ತೀಯ ಅಂತ ನಾನು ಪ್ರತಿ ತುತ್ತನ್ನೂ ನೆನಪಿಟ್ಕೊಂಡು ತಿಂತಿದ್ದೆ. ಖಾರ ಎಷ್ಟು, ಉಪ್ಪು ಎಷ್ಟು, ಏನಂತ ಬೈಬೇಕು ಅಂತ. ಕೇಳೋದು ಬಿಟ್ಟ ಮೇಲೆ ಗಂಟು ಬರೀ ತಿಂಡಿ ಆಯ್ತು.’

ಹುಣಸೆಕಟ್ಟೆಯವಳು ಅವಳ ಕಾಲು ಒತ್ತುತ್ತ ಕೂತಳು.

ಅಷ್ಟರಲ್ಲಿ ಎಡಗವಲಿನ ಕಡೆಯಿಂದ ಗದ್ದಲ ಕೇಳಿಸಿತು. ಉಪ್ಪಿನಜ್ಜ ಮುಂದೆ, ಅವನ ಕತ್ತೆ ಹಿಂದೆ, ಅದರ ಹಿಂದೆ ಮಡಕೆಯವರು, ಬಳೆಯವರು, ಕಂಬಳಿಯವರು, ಕಂಬಾರ. ಎಲ್ಲರ ನಡುವೆ ತಲೆ ತಗ್ಗಿಸಿಕೊಂಡು ಬಂದವನು ಬೋಳುಕಟ್ಟೆಯವನು. ಬಾವಿಕಟ್ಟೆಯ ಆಚೆ ಒಂದು ಬೋಳುಗುಡ್ಡ. ಬಹಳ ಹಿಂದೆ ಅಲ್ಲಿಗೂ ದಾರಿಗಳು ಬರುತ್ತಿದ್ದವು. ಒಂದು ರಾತ್ರಿ ಎಲ್ಲ ಬೇರೆ ಕಡೆ ಹೊರಳಿಕೊಂಡು, ಮತ್ತೆ ಆ ಕಡೆ ತಿರುಗಿ ಬರಲೇ ಇಲ್ಲ. ದಾರಿಯಿಲ್ಲದ ಕಟ್ಟೆಯನ್ನು ಕೂಗುವವರಿಲ್ಲ. ಕಾಯುವವನು ಅಲ್ಲೇ ಉಳಿದಿದ್ದ.

‘ಇವನೇ ಕಣಮ್ಮ!’ ಅಂದ ಉಪ್ಪಿನಜ್ಜ. ‘ದನಿ ಹಿಡ್ಕೊಂಡು ಹೋದ್ವಿ, ನೋಡಿದ್ರೆ ಮೀಸೆ! ಮುಂದಕ್ಕೆ ದಾರಿಯಿಲ್ಲ. ಹಿಂದಕ್ಕೆ ಬರೋಣ ಅಂದ್ರೆ, ಇವನ ದನಿಯೇ ಎಲ್ಲಾ ದನಿಗಳನ್ನೂ ನುಂಗಿತ್ತು. ಗಂಟು ಕೊಡು ಅಂತ ನನ್ನ ಕಾಲಿಗೆ ಬಿದ್ದ. ಕೊಡ್ತೀನಾ? ತಲೆದಿಂಬು ಮಾಡ್ಕೊಂಡು ಮಲಗಿದ್ದೆ. ಇವನು ಬಾಯಿ ಮುಚ್ಚಿದ ಮೇಲೆ ಗಾಣದವನ ಕೂಗು ಕೇಳಿಸ್ತು, ಅದನ್ನ ಹಿಡ್ಕೊಂಡು ತಡಕಾಡ್ತಾ ಬಂದ್ವಿ.’ ಎಂದು ಚೀಲದಿಂದ ಗಂಟು ತೆಗೆದ, ಉಳಿದವರೂ ತಂತಮ್ಮದನ್ನು ತೆಗೆದರು. ಒಂದು ರಾಶಿ ಗಂಟು ಬಾವಿಯ ಮುಂದೆ ಬಿತ್ತು, ಒಂದೂ ಬಿಚ್ಚಿರಲಿಲ್ಲ. ‘ಆದ್ರೂ ಒಂದು ಮಾತು ಹೇಳ್ಬೇಕು. ಅವನ ಹತ್ರ ಇದ್ದ ಹಿಟ್ಟೆಲ್ಲಾ ನಮಗೇ ಬೇಯಿಸಿ ಹಾಕಿಬಿಟ್ಟ. ತಾನು ಉಂಡಿದ್ದು ನಾ ಕಾಣೆ.’

‘ಯಾಕೋ ಹೀಗೆ ಮಾಡಿದೆ?’ ಅಂದಳು ಹುಣಸೆಕಟ್ಟೆಯವಳು.

ಅವನು ಬಾವಿಯ ದನಿಯಲ್ಲೇ ಬಾಯಿ ತೆರೆದ. ಎಲ್ಲರೂ ಬೆಚ್ಚಿದರು. ಬಾವಿ ಕೊಡವನ್ನೇ ಅವನ ಮೇಲೆ ಎಸೆದಳು. ಅದು ಅವನ ಮೊಣಕಾಲಿಗೆ ತಾಕಿ ಉರುಳಿತು. ‘ಅವಳು ಕೂಗಿದಳು’ ಅಂದ ಅವನು, ‘ಏ ಬಾವೀ ಅಂತ. ಯಾರೂ ಓಗೊಡಲಿಲ್ಲ. ಮತ್ತೆ ಕೂಗಿದಳು. ನನ್ನನ್ನ ಯಾರೂ ಕೂಗಿ ಎಷ್ಟೋ ಕಾಲ ಆಗಿತ್ತು. ಒಂದು ಕೂಗು ಹಾಗೆ ಸುಮ್ಮನೆ ಬಿದ್ದು ಹೋಗೋದನ್ನ ನೋಡೋಕಾಗಲಿಲ್ಲ. ಓಗೊಟ್ಟೆ. ಅವಳು ಅತ್ತು ನಕ್ಕಳು. ನನಗೋಸ್ಕರ ಅಂತ ಅನ್ನಿಸಿಬಿಡ್ತು. ಆಮೇಲೆ ಬಿಡೋಕಾಗಲಿಲ್ಲ.’

‘ನೀನು ಅವಳನ್ನ ಸಾಯಿಸ್ತಿದ್ದೆ ಕಣೋ!’

‘ಇವಳು ಬಿದ್ದಿರೋದು ನನಗೆ ಗೊತ್ತಿರಲಿಲ್ಲ’ ಎಂದು ಅವನು ನೆಲಕ್ಕೆ ಕುಸಿದ. ‘ಗೊತ್ತಿದ್ರೆ ಹಾಗೆ ಮಾಡ್ತಿದ್ನೇನಮ್ಮ!’

ಇನ್ನೊಬ್ಬರ ದನಿಯಲ್ಲಿ ಕೂಗಿದವನಿಗೆ ಆ ಸೀಮೆಯಲ್ಲಿ ಒಂದೇ ಶಿಕ್ಷೆ. ಅವನ ಕೂಗಿಗೆ ಎಲ್ಲರೂ ಎಂದೆಂದಿಗೂ ಕಿವಿ ಮುಚ್ಚಿಕೊಳ್ಳಬೇಕು. ಜನ ಆಗಲೇ ಬೆನ್ನು ತಿರುಗಿಸತೊಡಗಿದ್ದರು. ಬಾವಿ ಕೈಯೆತ್ತಿದಳು. ಪಿಸುದನಿಯಲ್ಲಿ ಕೇಳಿದಳು, ‘ನನ್ನ ದನಿ ಇಲ್ಲಿಡು. ನಿನ್ನ ಸ್ವಂತದ್ದು ಯಾವುದು? ತೆಗಿ, ನೋಡೋಣ.’

ಬೋಳುಕಟ್ಟೆಯವನು ಬಾಯಿ ತೆರೆದ. ಗೌಜಲಹಕ್ಕಿ ಕೂಗಿತು. ಮತ್ತೆ ತೆರೆದ. ಕತ್ತೆ ಅರಚಿತು, ಉಪ್ಪಿನಜ್ಜನ ಕತ್ತೆ ಕಿವಿ ನಿಮಿರಿಸಿತು. ಮತ್ತೆ ತೆರೆದ. ರಾಟೆ ಕಿರ್ರೆಂದಿತು. ಮಾತಾಡುವವರಿಲ್ಲದ ಗುಡ್ಡದಲ್ಲಿ ಅವನು ಕಿವಿಗೆ ಬಿದ್ದದ್ದನ್ನೆಲ್ಲ ಕಲಿತು ಒಂದನ್ನು ಮರೆತಿದ್ದ. ಹಣೆಯಲ್ಲಿ ಬೆವರೊಡೆಯಿತು. ಎಲ್ಲರೂ ಉಸಿರು ಹಿಡಿದು ನಿಂತರು. ಕೊನೆಗೆ, ತುಕ್ಕು ಹಿಡಿದ ಚಿಲಕ ಸರಿಸಿದಂತೆ, ಒಡಕು ದನಿಯೊಂದು ಹೊರಬಂತು.

‘ನಾನು...’ ಅಂದ. ಅಷ್ಟೇ ಅಂದ.

‘ಹ್ಞೂ, ಅದೇ’ ಅಂದಳು ಬಾವಿ. ‘ಅದನ್ನೇ ಇಟ್ಕೋ. ಕೆಟ್ಟದಾಗಿದೆ, ಆದ್ರೆ ನಿಂದು.’ ಗಂಟಿನ ರಾಶಿಯನ್ನು ತಡಕಿ, ಒಂದೊಂದನ್ನೇ ಮೂಸಿ, ಒಂದನ್ನು ಹುಡುಕಿ ತೆಗೆದಳು. ಹುಣಸೆಕಟ್ಟೆಯವಳ ಕಡೆ ಕಣ್ಣು ಕೆಕ್ಕರಿಸಿದಳು. ‘ಹಾಗಲಕಾಯಿ! ನಂಗೆ ಹಾಗಲಕಾಯಿ ಕಳಿಸ್ತೀಯಾ? ಇರು, ದನಿ ಬರಲಿ, ಮಾಡ್ತೀನಿ ನಿಂಗೆ.’ ಗಂಟನ್ನು ಬೋಳುಕಟ್ಟೆಯವನ ಮಡಿಲಿಗೆ ಹಾಕಿದಳು. ‘ಸಂಜೆ ತಿನ್ನು. ನಾಳೆ ಬೆಳಗ್ಗೆ ಕೇಳ್ತೀನಿ.’

ಹುಣಸೆಕಟ್ಟೆಯವಳು ಆ ಸಂಜೆಯೇ ತನ್ನ ಕಟ್ಟೆ ಹತ್ತಿದಳು. ಗಾಣದಕಟ್ಟೆಯವನಿಗೆ ಕೂಗಿದಳು, ‘ಬಂದೆ ಅಣ್ಣಾ!’ ಅವನು ಕೇಳಿದ. ಅವಳು ಹೇಳಿದಳು.

ಬೆಳಗಾಯಿತು. ಬಾವಿಯ ದನಿ ಇನ್ನೂ ಸಣ್ಣ, ಆದರೆ ಅವಳದೇ. ‘ಏನೇ ಹುಣಸೇ, ನಾನೂ ಇದ್ದೀನಿ ಕಣೇ!’ ‘ಗಂಟಿನಲ್ಲಿ ಏನಿತ್ತೇ?’ ಹಳೆಯ ಗಂಟುಗಳನ್ನೆಲ್ಲ ಬಿಚ್ಚಿದ್ದ ಬಾವಿ ಪಟ್ಟಾಗಿ ಒಂದೊಂದನ್ನೂ ಹೆಸರು ಹಿಡಿದು ಬೈದಳು. ಹೊತ್ತು ಏರುವವರೆಗೂ ಬೈದಳು. ಹುಣಸೆಕಟ್ಟೆಯವಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಕಣ್ಣು ಮುಚ್ಚಿ ಒಂದೂ ಬಿಡದೆ ಕೇಳಿಸಿಕೊಂಡಳು.

ಆಮೇಲೆ ಬಾವಿ ಇನ್ನೊಂದು ಕಡೆಗೆ ತಿರುಗಿದಳು. ‘ಏ ಬೋಳೂ!’ ಎಂದು ಕೂಗಿದಳು. ‘ಗಂಟಿನಲ್ಲಿ ಏನಿತ್ತೋ?’

ಸೀಮೆಯೆಲ್ಲ ಕಿವಿಯಾಯಿತು. ಗಾಣ ನಿಂತಿತು. ದಾರಿಯ ಮೇಲೆ ಹೊರಟವರು ಹೆಜ್ಜೆ ತಡೆದರು. ಹುಣಸೆಕಟ್ಟೆಯವಳು ಸೆರಗನ್ನು ಬಾಯಿಗೊತ್ತಿ ಕಾದಳು. ಹೇಳೋ, ಹೇಳು ಮಾರಾಯ, ಎಂದು ಮನಸ್ಸಿನಲ್ಲೇ ಅಂದಳು.

‘ಹಾಗಲಕಾಯಿ ಬಾಳಕ’ ಅಂದಿತು ಒಡಕು ದನಿ. ‘ಕಹಿ. ಉಪ್ಪು ಸರಿಯಾಗಿದೆ. ಅರ್ಧ ತಿಂದೆ. ಅರ್ಧ ಇಟ್ಕೊಂಡಿದ್ದೀನಿ.’

‘ಸರಿ’ ಅಂದಳು ಬಾವಿ. ‘ನಿನ್ನಿಂದ ಎಲ್ಲೆಲ್ಲಿಗೆ ದಾರಿ, ಹೇಳು.’

ಆ ದನಿ ಹೇಳಿತು. ‘ನನ್ನಿಂದ ಎಲ್ಲಿಗೂ ದಾರಿಯಿಲ್ಲ. ನಾನಿದ್ದೀನಿ.’

‘ಬೋಳುಕಟ್ಟೆಗೆ ನನ್ನಿಂದ ಒಂದು ಕಟ್ಟೆ!’ ಎಂದು ಬಾವಿ ಹುಣಸೆಯ ಕಡೆಗೆ ಕೂಗಿದಳು. ಹುಣಸೆಕಟ್ಟೆಯವಳು ಎದ್ದು ನಿಂತು, ಕೈ ಬಾಯಿಗಡ್ಡ ಹಿಡಿದು, ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು: ‘ಬೋಳುಕಟ್ಟೆಗೆ ನನ್ನಿಂದ ಎರಡು ಕಟ್ಟೆ!’ ಗೊರಗೊರ ದನಿ ಅದನ್ನು ಎತ್ತಿಕೊಂಡಿತು: ‘ಬೋಳುಕಟ್ಟೆಗೆ ನನ್ನಿಂದ ಮೂರು ಕಟ್ಟೆ!’ ಅದರಾಚೆಯವರು, ಅದರಾಚೆಯವರಾಚೆಯವರು, ತಮ್ಮ ತಮ್ಮದೊಂದು ಸೇರಿಸಿ ಕೂಗುತ್ತ ಹೋದರು. ಬೋಳುಗುಡ್ಡದ ಮೇಲೆ ಒಬ್ಬ ಮನುಷ್ಯ, ಅರ್ಧ ಉಳಿದ ಗಂಟನ್ನು ಮಡಿಲಲ್ಲಿಟ್ಟುಕೊಂಡು, ತನ್ನ ಕಟ್ಟೆಯ ಹೆಸರು ಸೀಮೆಯ ಕೊನೆಯವರೆಗೆ ಹೋಗುವುದನ್ನು ಕೇಳುತ್ತ ಕೂತಿದ್ದ. ಆ ದಿನ ಅವನು ಯಾವ ಹಕ್ಕಿಯ ದನಿಯನ್ನೂ ಕಲಿಯಲಿಲ್ಲ.